ಒಲೆಯ ಮುಂದೆ ನೀರಿಲ್ಲ

ನಮ್ಮ ಮನೆಯ ಮುಂಭಾಗ ಬೇಕರಿ, ಹಿಂಭಾಗ ಅಡುಗೆಮನೆ. ನಡುವಿನ ಕೋಣೆಯಲ್ಲಿ ಆಳೆತ್ತರದ ಇಟ್ಟಿಗೆ ಒಲೆ. ಮಾವ ಹಿಟ್ಟು ನಾದುತ್ತಾರೆ, ನನ್ನ ಗಂಡ ಬ್ರೆಡ್ಡು ಬೇಯಿಸುತ್ತಾರೆ, ನಾನು ಅಂಗಡಿ ನೋಡಿಕೊಳ್ಳುತ್ತೇನೆ. ಎಲ್ಲ ಸರಿಯಾಗಿತ್ತು, ಒಂದು ಕಟ್ಟಳೆಯನ್ನು ಬಿಟ್ಟು. ಒಲೆ ಹೊತ್ತಿಸಿದ ಮೇಲೆ ಅದು ಆರುವವರೆಗೆ ಬೇಯಿಸುವವನು ಹನಿ ನೀರು ಮುಟ್ಟುವಂತಿಲ್ಲ. ನಡುವೆ ಒಂದು ಸಣ್ಣ ಲೋಟ ಕಡು ಚಹಾ, ಅಷ್ಟೇ.

"ಕಾದ ಕಾವಲಿಗೆ ನೀರು ಹಾಕಿದ್ರೆ ಏನಾಗುತ್ತೆ? ಮೈಯೂ ಹಾಗೇನೇ," ಎನ್ನುತ್ತಿದ್ದರು ಮಾವ.

"ಮೈ ಏನು ಕಾವಲಿನಾ ಮಾವ?"

"ನಿನ್ನೆ ಮೊನ್ನೆ ಬಂದವಳು ನನಗೆ ಕಲಿಸ್ತೀಯಾ? ನಮ್ಮಪ್ಪ ನಲವತ್ತು ವರ್ಷ ಹೀಗೇ ಬೇಯಿಸಿದ."

ನಾನು ಬಂದು ಹನ್ನೊಂದು ವರ್ಷವಾಗಿತ್ತು!

"ನಿಮ್ಮಪ್ಪ ಮೂತ್ರದ ಕಲ್ಲಿನ ನೋವಿಗೆ ನೆಲದ ಮೇಲೆ ಹೊರಳಾಡಿದ್ದನ್ನೂ ಹೇಳಿ," ಎಂದು ಅತ್ತೆ ಒಳಗಿನಿಂದ ಗೊಣಗಿದರು. ಮಾವನಿಗೆ ಅದು ಕೇಳಿಸಲಿಲ್ಲ. ಬೇಡದ್ದು ಅವರಿಗೆ ಎಂದೂ ಕೇಳಿಸುವುದಿಲ್ಲ.

ಆ ಬೇಸಿಗೆಯಲ್ಲಿ ನನ್ನವರ ಮೀನಖಂಡ ಹಿಡಿದುಕೊಳ್ಳತೊಡಗಿತು. ಮೂತ್ರ ಚಹಾದ ಬಣ್ಣಕ್ಕೆ ತಿರುಗಿತು. ಹೇಳಿದರೆ ಮಾವ, "ಇನ್ನರ್ಧ ಲೋಟ ಚಹಾ ಕೊಡು," ಎಂದರು. ಮೂರನೆಯ ದಿನ, ಬ್ರೆಡ್ಡು ಒಳಗಿಡುವ ಉದ್ದ ಹಿಡಿಯ ಹಲಗೆಯ ಸಮೇತ ಇವರು ಒಲೆಯ ಮುಂದೆಯೇ ಕುಸಿದರು.

ಆಸ್ಪತ್ರೆಯಲ್ಲಿ ಬಾಟಲಿಯ ಮೇಲೆ ಬಾಟಲಿ ಏರಿಸಿದರು. ಡಾಕ್ಟರಮ್ಮ ಮಾವನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು: "ಚಹಾದಲ್ಲೂ ನೀರಿದೆ ಅಜ್ಜಾ, ಅದೇನು ಶತ್ರುವಲ್ಲ. ಆದ್ರೆ ಕೊಡಗಟ್ಟಲೆ ಬೆವರು ಸುರಿಸೋನಿಗೆ ಒಂದು ಲೋಟ ಯಾವ ಮೂಲೆಗೆ? ಆಗಾಗ ನೀರು ಕುಡೀಲಿ. ಊಟ ಬಿಡಬಾರದು. ಸೌತೆಕಾಯಿ, ಕಲ್ಲಂಗಡಿ ತಿನ್ನಲಿ. ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿದೆ. ಇನ್ನೊಂದು ದಿನ ತಡವಾಗಿದ್ರೆ ಉಳಿಸೋದು ಕಷ್ಟ ಇತ್ತು."

ಮಾವ ಗಂಭೀರವಾಗಿ ತಲೆಯಾಡಿಸಿದರು. ಹೊರಗೆ ಬಂದವರೇ, "ಈಯಮ್ಮ ಯಾವತ್ತಾದ್ರೂ ಒಲೆ ಮುಂದೆ ನಿಂತಿದ್ದಾಳಾ?" ಎಂದರು. ಗೋಡೆಗೆ ತಲೆ ಚಚ್ಚಿಕೊಳ್ಳೋಣ ಅನ್ನಿಸಿತು. ಗೋಡೆಗಾದರೂ ಅರ್ಥವಾಗುತ್ತಿತ್ತು.

ತಿಂಗಳ ಮೇಲೆ ಇವರು ಮತ್ತೆ ಒಲೆಗೆ ನಿಂತರು. ನಾನು ಪಕ್ಕದಲ್ಲಿ ಒಂದು ತಂಬಿಗೆ ನೀರಿಟ್ಟೆ. ಮಾವ ಅದನ್ನು ಬಚ್ಚಲಿಗೆ ಚೆಲ್ಲಿದರು. ತುಂಬಿಸಿಟ್ಟೆ. ಮತ್ತೆ ಚೆಲ್ಲಿದರು. ಮೂರನೆಯ ಸಲ ಅವರು ಕೈ ಚಾಚುವಷ್ಟರಲ್ಲಿ ನನ್ನವರು ತಂಬಿಗೆ ಎತ್ತಿಕೊಂಡರು. ತಂದೆಯೆದುರು ಒಮ್ಮೆಯೂ ದನಿಯೆತ್ತದ ಮನುಷ್ಯ.

"ಅಪ್ಪಾ, ನೀರು ಕುಡಿದೇ ನಾನು ಬೇಯಿಸೋದು. ಆಗಲ್ಲ ಅಂದ್ರೆ ಹಲಗೆ ನೀವೇ ಹಿಡೀರಿ."

ತಂದೆಯ ಮುಖ ನೋಡುತ್ತಲೇ ಗಟಗಟನೆ ಕುಡಿದರು. ಗದ್ದದಿಂದ ಇಳಿದ ನೀರನ್ನು ಒರೆಸಿಕೊಳ್ಳಲೂ ಇಲ್ಲ.

ಮಾವ ಒಲೆಯತ್ತ ಮುಖ ತಿರುಗಿಸಿದರು. "ಬ್ರೆಡ್ಡು ಸೀದುಹೋಗ್ತಿದೆ," ಎಂದರು.

"ಸೀಯಲಿ," ಎಂದು ಇವರು ಖಾಲಿ ತಂಬಿಗೆಯನ್ನು ನನ್ನತ್ತ ಚಾಚಿದರು. "ಇನ್ನೊಂದು ತುಂಬು."