ತೇರಣಾ ದಂಡೆಯ ಶೆಗಡಿ

ಹೊಳೆ ಪಕ್ಕದ ಚಳಿ ಊರೊಳಗಿನ ಚಳಿಯಂತಲ್ಲ. ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆಯ ಹೊತ್ತಿಗೆ ತೇರಣಾ ಹೊಳೆಯ ಮೇಲಿಂದ ಬೀಸುವ ಗಾಳಿ ಕಂಬಳಿ ಹೊದ್ದರೂ ಎಲುಬಿಗೆ ತಾಕುತ್ತದೆ. ಆಗ ನಾವೆಲ್ಲ ಮಾಡುವುದು ಒಂದೇ ಕೆಲಸ. ಬಾಗಿಲು ಹಾಕಿ, ಶೆಗಡಿ ಎನ್ನುವ ಅಗ್ಗಿಷ್ಟಿಕೆಯಲ್ಲಿ ಇದ್ದಿಲು ಹೊತ್ತಿಸಿ, ಕಾಲ ಬಳಿ ಇಟ್ಟುಕೊಳ್ಳುತ್ತೇವೆ.

ಸಾಸ್ತೂರದ ಆಚೆ, ಹೊಳೆ ದಂಡೆಯಲ್ಲಿ ಭೀಮಾಶಂಕರನ ಹೊಲವಿದೆ. ಹೊಲದ ಅಂಚಿಗೆ ಅವನೂ ಹೆಂಡತಿ ಜಯಮಾಲಾಳೂ ಎರಡು ಕಟ್ಟಿಗೆಯ ಕ್ಯಾಬಿನ್ ಕಟ್ಟಿಸಿದ್ದಾರೆ. ಪಕ್ಕದಲ್ಲಿ ಕ್ಯಾರವಾನ್ ನಿಲ್ಲಲು ಜಾಗ ಮಾಡಿದ್ದಾರೆ. ಕ್ಯಾರವಾನ್ ಅಂದರೆ ಚಕ್ರದ ಮೇಲಿನ ಮನೆ. ಹಾಸಿಗೆ, ಒಲೆ ಎಲ್ಲಾ ಗಾಡಿಯೊಳಗೇ ಇರುತ್ತದೆ. ಉಮರ್ಗಾದ ಹೆದ್ದಾರಿಯಲ್ಲಿ ಹೋಗುವ ಜನ ಒಂದೆರಡು ದಿನ ಇಲ್ಲಿ ತಂಗುತ್ತಾರೆ. ಹೊಳೆ ನೋಡುತ್ತಾರೆ, ಜಯಮಾಲಾ ಬಡಿದ ಸಜ್ಜಿ ರೊಟ್ಟಿ ತಿನ್ನುತ್ತಾರೆ.

ಈ ಸಲ ಎಳ್ಳಮಾಸಿಗೆ ಜಯಮಾಲಾಳ ತಂಗಿ ಸಪ್ನಾ ಬಂದಿದ್ದಳು. ಆಕೆ ಉಮರ್ಗಾದ ಒಂದು ದವಾಖಾನೆಯಲ್ಲಿ ನರ್ಸ್. ಹೊಲದಲ್ಲಿ ಊಟ ಮುಗಿಸಿ ಬರುವಾಗ ನೋಡಿದರೆ, ಭೀಮಾಶಂಕರನ ತಾಯಿ ಚಂಪಾಬಾಯಿ ಕ್ಯಾಬಿನ್ನಿನೊಳಗೆ ಶೆಗಡಿ ಇಟ್ಟು ಬಾಗಿಲು ಮುಚ್ಚುತ್ತಿದ್ದಳು.

"ಅತ್ತಿ, ಅದನ್ನ ಹೊರಗ ಇಡ್ರಿ," ಎಂದಳು ಸಪ್ನಾ.

"ಯಾಕ? ಹೊಗಿ ಎಲ್ಲದ? ಕೆಂಡ ನಿಗಿನಿಗಿ ಆಗ್ಯಾವ."

"ಹೊಗಿ ಇಲ್ಲಂತನೇ ಅಂಜಿಕಿ ಅದರೀ. ಮುಚ್ಚಿದ ಖೋಲ್ಯಾಗ ಇದ್ದಿಲು ಉರದ್ರ ಒಂದು ವಿಷದ ಗಾಳಿ ತುಂಬತದ. ಕಾರ್ಬನ್ ಮೊನಾಕ್ಸೈಡ್ ಅಂತಾರ. ಕಣ್ಣಿಗಿ ಕಾಣಂಗಿಲ್ಲ, ಮೂಗಿಗಿ ವಾಸ್ನಿ ಬರಂಗಿಲ್ಲ. ಮೊದಲ ತಲಿ ನೋಯ್ತದ, ವಾಂತಿ ಬಂದಂಗ ಆಗ್ತದ, ಆಮ್ಯಾಲ ಮಂಪರು. ಮಲಗಿದವರು ಮಲಗಿದಂಗೇ ಹೋಗ್ತಾರ."

ಚಂಪಾಬಾಯಿ ನಕ್ಕಳು. "ನಮ್ಮವ್ವ ಶೆಗಡಿ ಕಾಸ್ಕೋತನೇ ಮುದುಕಿ ಆದಳು. ಆಕಿಗಿ ಏನಾತು?"

"ಆಕಿ ಮನಿಗಿ ಮಾಳಗಿ ಮ್ಯಾಲ ಬೆಳಕಿಂಡಿ ಇತ್ತು, ಬಾಗಿಲದಾಗ ಸಂದಿ ಇದ್ದವು. ಆದ್ರೂ ಎಷ್ಟು ಮಂದಿ ಹೋದ್ರೋ, ಯಾರು ನೋಡ್ಯಾರ? ಇದು ನೋಡ್ರಿ, ಮುಚ್ಚಿದ ಡಬ್ಬಿ ಇದ್ದಂಗದ."

ಭೀಮಾಶಂಕರನಿಗೆ ಈ ಮಾತು ಹಿಡಿಸಲಿಲ್ಲ. "ಸಪ್ನಾ, ಬಂದವರ ಮುಂದ ಹಿಂಗೆಲ್ಲ ಅನಬ್ಯಾಡವಾ. ಅಂಜಿ ಓಡಿ ಹೋಗ್ತಾರ," ಎಂದ. ಸಪ್ನಾ ಹೇಳುವಷ್ಟು ಹೇಳಿ ಸಂಜೆಯ ಬಸ್ಸಿಗೆ ಹೋದಳು.

ಮರುದಿನ ಬೀದರ ಕಡೆಯಿಂದ ಒಂದು ಕ್ಯಾರವಾನ್ ಬಂತು. ಸಿದ್ಧಾರೂಢ, ಅವನ ಹೆಂಡತಿ ದೀಪಾಲಿ, ಮೂರು ವರ್ಷದ ಮಗಳು. ಚಂಪಾಬಾಯಿಯ ತವರೂ ಅದೇ ಕಡೆ. ಆ ಕಡೆಯ ಕನ್ನಡ ಮಾತು ಕಿವಿಗೆ ಬಿದ್ದದ್ದೇ ಆಕೆಗೆ ತವರಿನವರೇ ಬಂದಂತಾಯಿತು. ಮಧ್ಯಾಹ್ನವೆಲ್ಲ ಮಗುವನ್ನು ಸೊಂಟದಿಂದ ಇಳಿಸಲಿಲ್ಲ.

ಹೊತ್ತು ಇಳಿಯುವಾಗ ಗಾಳಿ ಎದ್ದಿತು. ಗಂಡಸರಿಬ್ಬರೂ ಮೋಟರ್‌ಸೈಕಲ್ ಮೇಲೆ ಹಾಲು ತರಲು ಹೋದರು. ಮಗುವಿನ ಮೂಗು ಸೋರುತ್ತಿತ್ತು, ಕೈಕಾಲು ತಣ್ಣಗಾಗಿದ್ದವು. ಚಂಪಾಬಾಯಿಗೆ ತಡೆಯಲಾಗಲಿಲ್ಲ. ಮನೆಗೆ ಹೋಗಿ ಕೆಂಡ ತುಂಬಿದ ಶೆಗಡಿ ಹಿಡಿದು ಕ್ಯಾರವಾನ್ ಹತ್ತಿದಳು.

"ಅಮ್ಮಾ, ಬಾಗಿಲ ಸ್ವಲ್ಪ ತೆರದಿರ್ಲೇನ್ರಿ?" ಎಂದಳು ದೀಪಾಲಿ.

"ಹಾಕು ಹಾಕು. ಕೂಸಿಗಿ ಥಂಡಿ ಬಡೀತದ."

ಚಂಪಾಬಾಯಿಯೇ ಬಾಗಿಲ ಚಿಲಕ ಹಾಕಿದಳು. ಕಿಟಕಿಯ ಗಾಜು ಸರಿಸಿ ಮುಚ್ಚಿದಳು. ಬಾಗಿಲ ಕೆಳಗಿನ ಸಂದಿಗೆ ಒಂದು ಟವೆಲ್ ತುರುಕಿದಳು. ಒಳಗೆ ಬೆಚ್ಚಗಾಯಿತು. ಮಗು ತೊಡೆಯ ಮೇಲೆ ನಿದ್ದೆ ಹೋಯಿತು. ಇಬ್ಬರೂ ಬೀದರದ ನೆಂಟರಿಷ್ಟರ ಮಾತು ತೆಗೆದರು.

ಸ್ವಲ್ಪ ಹೊತ್ತಿಗೆ ದೀಪಾಲಿ ಹಣೆ ಒತ್ತಿಕೊಂಡಳು. "ತಲಿ ಭಾಳ ನೋಯ್ಲಿಕತ್ತದರಿ."

"ಗಾಡ್ಯಾಗ ಬಂದೀರಲ್ಲವಾ, ದಣಿವು," ಎಂದಳು ಚಂಪಾಬಾಯಿ. ಆಕೆಯ ತಲೆಯೂ ಭಾರವಾಗಿತ್ತು. ಆದರೆ ಹೇಳಲಿಲ್ಲ.

ಮುಂದೆ ಏನೋ ಕೇಳಿದಾಗ ದೀಪಾಲಿ ಉತ್ತರ ಕೊಡಲಿಲ್ಲ. ಗೋಡೆಗೆ ಒರಗಿದ್ದಳು. ಬಾಯಿ ತೆರೆದಿತ್ತು. ಚಂಪಾಬಾಯಿ ಆಕೆಯ ಭುಜ ಅಲುಗಿಸಿದಳು. ಕುತ್ತಿಗೆ ಒಂದು ಕಡೆ ವಾಲಿತು. ಅಷ್ಟರಲ್ಲಿ ತನ್ನ ಸೀರೆ ಒದ್ದೆಯಾದದ್ದು ತಿಳಿಯಿತು. ಮಗು ನಿದ್ದೆಯಲ್ಲೇ ವಾಂತಿ ಮಾಡಿತ್ತು. ಎಬ್ಬಿಸಿದರೆ ಏಳಲಿಲ್ಲ.

ಆಗ ಚಂಪಾಬಾಯಿಗೆ ಸಪ್ನಾ ಹೇಳಿದ ಮಾತು ನೆನಪಾಯಿತು. ಮಲಗಿದವರು ಮಲಗಿದಂಗೇ ಹೋಗ್ತಾರ.

ಬಾಗಿಲು ಎದುರಿಗೇ ಇತ್ತು. ಕೈ ಚಾಚಿ ಇನ್ನೊಂದು ಹೆಜ್ಜೆ ಇಟ್ಟರೆ ಚಿಲಕ. ಆಕೆ ಮಗುವನ್ನು ಪಕ್ಕಕ್ಕೆ ಸರಿಸಿ ಏಳಲು ಹೋದಳು. ಕಾಲುಗಳು ಬೇರೆ ಯಾರವೋ ಆಗಿದ್ದವು. ದೊಪ್ಪನೆ ಬಿದ್ದಳು. ತೆವಳಲು ನೋಡಿದಳು, ಮೊಣಕೈ ನಿಲ್ಲಲಿಲ್ಲ. ಹೊರಗೆ ಸೊಸೆ ರೊಟ್ಟಿ ಬಡಿಯುವ ಸದ್ದು ಪಟಪಟ ಕೇಳುತ್ತಿತ್ತು. "ಜಯಾ" ಎಂದು ಕೂಗಿದಳು. ಬಾಯಿಯಿಂದ ಗಾಳಿ ಬಂತು, ದನಿ ಬರಲಿಲ್ಲ. ಕಣ್ಣ ಮುಂದೆ ಶೆಗಡಿಯ ಕೆಂಡ ಕೆಂಪಗೆ, ಚಂದ ಕಾಣುತ್ತಿತ್ತು. ಒಂದು ಎಳೆ ಹೊಗೆಯೂ ಇರಲಿಲ್ಲ.

ಜಯಮಾಲಾ ಬಿಸಿ ರೊಟ್ಟಿ ತಟ್ಟೆ ಹಿಡಿದು ಬಂದು ಬಾಗಿಲು ಬಡಿದಳು. ಉತ್ತರವಿಲ್ಲ. ಬಾಗಿಲ ಪಕ್ಕದ ಕಿಟಕಿಗೆ ಮುಖವಿಟ್ಟು ನೋಡಿದಳು. ಅತ್ತೆ ನೆಲದ ಮೇಲೆ ಬಿದ್ದಿದ್ದಾಳೆ, ಕಣ್ಣು ತೆರೆದಿವೆ, ಅಲುಗಾಡುತ್ತಿಲ್ಲ. ತಟ್ಟೆ ಕೈಯಿಂದ ಜಾರಿತು. ಬದುವಿನ ಕಲ್ಲು ಎತ್ತಿ ಗಾಜು ಒಡೆದು, ಕೈ ಹಾಕಿ ಚಿಲಕ ತೆಗೆದಳು. ಗಾಜು ತೋಳು ಸೀಳಿದ್ದು ಆಕೆಗೆ ಗೊತ್ತಾಗಲೇ ಇಲ್ಲ. ಉಸಿರು ಬಿಗಿಹಿಡಿದು ಒಳನುಗ್ಗಿ ಮೊದಲು ಮಗುವನ್ನು ಹೊರಗೆ ತಂದಳು. ಮಗುವಿನ ಕೈ ಒದ್ದೆ ಬಟ್ಟೆಯಂತೆ ಜೋತುಬಿತ್ತು.

ಅದೇ ಹೊತ್ತಿಗೆ ಮೋಟರ್‌ಸೈಕಲ್ ಬಂತು. ಸಿದ್ಧಾರೂಢ ಒಳಗೋಡಿ ಹೆಂಡತಿಯ ಕೆನ್ನೆ ತಟ್ಟುತ್ತಾ ಕೂತುಬಿಟ್ಟ. ಭೀಮಾಶಂಕರ ನೂರಾ ಎಂಟಕ್ಕೆ ಫೋನ್ ಮಾಡಿದ, ಜಯಮಾಲಾ ತಂಗಿಗೆ. ಸಪ್ನಾ ಫೋನಿನಲ್ಲೇ ಚೀರಿದಳು: "ಒಳಗ ಕೂತು ಎಬ್ಬಿಸಬ್ಯಾಡ್ರಿ! ನೀವೂ ಬೀಳ್ತೀರಿ. ಹೊರಗ ಎಳೀರಿ, ಬಯಲಿಗಿ ಎಳೀರಿ! ಉಸಿರು ನೋಡ್ಕೋತ ಇರ್ರಿ!"

ಮೂವರನ್ನೂ ಕಡಲೆ ಹೊಲದ ಬಯಲಿನಲ್ಲಿ ಮಲಗಿಸಿದರು. ಸಿದ್ಧಾರೂಢ ಮಗಳ ಎದೆಗೆ ಕಿವಿಯಿಟ್ಟು ಕೂತ. "ಅದ, ಉಸಿರು ಅದ," ಎನ್ನುವನು. ಮತ್ತೆ ಕಿವಿ ಇಡುವನು. ಅಂಬುಲೆನ್ಸ್ ಬರುವವರೆಗೆ ಅವನು ಬೇರೆ ಮಾತೇ ಆಡಲಿಲ್ಲ.

ಆಕ್ಸಿಜನ್ ಹಾಕಿ ಕರೆದೊಯ್ಯುವಾಗ ದಾರಿಯಲ್ಲಿ ಮಗು ಸಣ್ಣಗೆ ಅತ್ತಿತು. ಚಂಪಾಬಾಯಿಗೆ ದವಾಖಾನೆಯಲ್ಲಿ ಮಾತು ಬಂತು. ದೀಪಾಲಿಗೆ ಎಚ್ಚರವಾದದ್ದು ಮರುದಿನ. ಮೂವರೂ ಉಳಿದರು. ಆದರೆ ದೀಪಾಲಿ ಇಂದಿಗೂ ಮಾತಿನ ನಡುವೆ ಪದ ಮರೆಯುತ್ತಾಳಂತೆ. ಡಾಕ್ಟರು ಹೇಳಿದ್ದು ಇಷ್ಟೇ: "ಇನ್ನ ಸ್ವಲ್ಪ ತಡ ಆಗಿದ್ರ ಮೂರೂ ಹೆಣ ಇರ್ತಿದ್ದವು."

ಮನೆಗೆ ಬಂದ ಮೇಲೆ ಭೀಮಾಶಂಕರ ತಗ್ಗಿದ ದನಿಯಲ್ಲಿ ಅಂದ, "ಅವ್ವಾ, ಊರಾಗ ಯಾರಿಗೂ ಹೇಳಬ್ಯಾಡ. ನಮ್ಮ ಧಂದಾ ಮುಳಗ್ತದ."

"ಕೂಸು ಸತ್ತಿದ್ರ?" ಎಂದಳು ಚಂಪಾಬಾಯಿ.

ಈಗ ಅವರ ಕ್ಯಾಬಿನ್ನಿನೊಳಗೆ ಶೆಗಡಿ ಹೋಗುವುದಿಲ್ಲ. ಎರಡೂ ಕ್ಯಾಬಿನ್ನಿಗೆ ಗಾಳಿಕಿಂಡಿ ಕೊರೆಸಿದ್ದಾರೆ. ವಿಷಗಾಳಿ ತುಂಬಿದರೆ ಕಿರಿಚುವ ಅಲಾರಂ ಹಾಕಿಸಿದ್ದಾರೆ. ಬಂದವರಿಗೆ ಭೀಮಾಶಂಕರನೇ ಮೊದಲು ಈ ಸಂಗತಿ ಹೇಳುತ್ತಾನೆ. ಹೇಳಿದರೆ ಯಾರೂ ಓಡಿ ಹೋಗಿಲ್ಲ.

ಮೊನ್ನೆ ಚಂಪಾಬಾಯಿ ಬಳಗದ ಮುಕ್ತಾಬಾಯಿಯ ಮನೆಗೆ ಕೂಸು ನೋಡಲು ಹೋದಳು. ಬಾಣಂತಿ ಕೋಣೆಯ ಬಾಗಿಲು ಮುಚ್ಚಿತ್ತು. ಮಂಚದ ಕೆಳಗೆ ಶೆಗಡಿ. ಚಂಪಾಬಾಯಿ ಕೂಡಲಿಲ್ಲ, ಕೂಸಿನ ಮುಖ ನೋಡಲಿಲ್ಲ. ಬಾಗಿಲು, ಕಿಟಕಿ ಎರಡೂ ಧಡಧಡ ತೆಗೆದಳು.

"ಏ ಅಕ್ಕಾ! ಬಾಣಂತಿಗಿ ಗಾಳಿ ಹತ್ತತದ!" ಎಂದು ಮುಕ್ತಾಬಾಯಿ ಸಿಟ್ಟಾದಳು.

"ಹತ್ಲಿ. ಥಂಡಿ ಆದ್ರ ಕಷಾಯ ಕುಡಿಸ್ತಿ. ಉಸಿರು ನಿಂತ್ರ ಏನು ಕುಡಿಸ್ತಿ?" ಎಂದಳು ಚಂಪಾಬಾಯಿ. "ನಾ ಬಿದ್ದಿದ್ದೆ ಮುಕ್ತಾ. ಬಾಗಿಲ ಕಣ್ಣಿಗಿ ಕಾಣ್ತಿತ್ತು, ಕೈ ಹೋಗ್ಲಿಲ್ಲ. ಆ ಕೂಸು ನನ್ನ ತೊಡಿ ಮ್ಯಾಲೇ ಸಾಯ್ತಿತ್ತು, ನಾ ಅದು ಮಲಗ್ಯಾದ ಅನ್ಕೊಂಡಿದ್ದೆ."

ಮುಕ್ತಾಬಾಯಿ ಮೊಮ್ಮಗನ ಕಡೆ ನೋಡಿದಳು. ತಾನೇ ಬಗ್ಗಿ ಶೆಗಡಿ ಎತ್ತಿ ಅಂಗಳಕ್ಕೆ ಒಯ್ದಳು.

ಅಕ್ಕಂದಿರೇ, ಅಣ್ಣಂದಿರೇ, ಕ್ಯಾರವಾನ್ ಇರಲಿ, ಟೆಂಟ್ ಇರಲಿ, ಮನೆಯ ಮಲಗುವ ಕೋಣೆ ಇರಲಿ, ಒಳಗೆ ಇದ್ದಿಲು ಉರಿಸಬೇಡಿ. ಕಿಟಕಿ ಸ್ವಲ್ಪ ತೆರೆದರೆ ಸಾಕು ಎಂದು ನಂಬಬೇಡಿ. ಜನರೇಟರನ್ನು ಕಿಟಕಿ ಬಳಿ ಓಡಿಸಬೇಡಿ, ಅದರ ಹೊಗೆಯಲ್ಲೂ ಇದೇ ವಿಷಗಾಳಿ ಇರುತ್ತದೆ. ಚಳಿಗೆ ದುಪ್ಪಟಿ ಇದೆ, ಸ್ವೆಟರ್ ಇದೆ, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಇದೆ. ಒಂದೇ ಕೋಣೆಯಲ್ಲಿರುವ ಇಬ್ಬರಿಗೆ ಒಟ್ಟಿಗೆ ತಲೆನೋವು ಬಂತೇ? ದಣಿವು ಎನ್ನಬೇಡಿ. ಎದ್ದು ಹೊರಗೆ ಬನ್ನಿ, ನೂರಾ ಎಂಟಕ್ಕೆ ಕರೆ ಮಾಡಿ. ಕಾಲಲ್ಲಿ ಬಲ ಇರುವಾಗಲೇ ಬನ್ನಿ.