ಎಡ ಭುಜದ ಪ್ಯಾಡು

ಅಕ್ಕ ತಮ್ಮ ಇಬ್ಬರಿಗೂ ಸೇರಿ ಒಂದೇ ಹೊಲಿಗೆ ಅಂಗಡಿ. ಅಕ್ಕ ಬಟ್ಟೆ ಕತ್ತರಿಸಿಕೊಟ್ಟರೆ ತಮ್ಮ ಹೊಲಿಯುತ್ತಿದ್ದ. ಮೂವತ್ತು ದಾಟಿ ಮೀಸೆ ದಪ್ಪಗಾಗಿದ್ದರೂ ಅಕ್ಕನ ಬಾಯಲ್ಲಿ ಅವನಿನ್ನೂ ‘ಪಾಪು’. ಯಾರಾದರೂ ಎರಡು ಒಳ್ಳೆಯ ಮಾತಾಡಿದರೆ ಸಾಕು, ಕರಗಿ ನೀರಾಗಿಬಿಡುವ ಜೀವ.

ಹೆಂಡತಿ ಬಿಟ್ಟುಹೋದ ಮೇಲೆ ಮಂಕಾಗಿದ್ದವನು ಒಂದು ಪ್ರಾರ್ಥನಾ ಗುಂಪು ಸೇರಿ ಚೇತರಿಸಿಕೊಂಡಿದ್ದ. ಅಲ್ಲಿ ಎಲ್ಲರೂ ಅವನನ್ನು ‘ಸೋದರ’ ಎನ್ನುತ್ತಿದ್ದರು, ಜ್ವರ ಬಂದರೆ ಮನೆಗೇ ಊಟ ತರುತ್ತಿದ್ದರು. ಅಕ್ಕನಿಗೂ ಖುಷಿಯೇ ಆಗಿತ್ತು. ಆಮೇಲೆ ಅವನು ಹಳೆಯ ಗೆಳೆಯರನ್ನು ಬಿಟ್ಟ, ನಗುವುದನ್ನು ಬಿಟ್ಟ, ಬಾಯಿ ತೆರೆದರೆ ‘ನಾವು’, ‘ಅವರು’ ಎನ್ನತೊಡಗಿದ. ಆಗಲೇ ಅವಳಿಗೆ ಒಳಗೊಳಗೇ ಕಸಿವಿಸಿ ಶುರುವಾಗಿತ್ತು.

ಅಂದು ಬೆಳಗ್ಗೆ ಅಂಗಡಿ ಗುಡಿಸುವಾಗ ಅವನ ಮಿಷಿನ್ನಿನ ಕೆಳಗೆ ಒಂದು ತೋಳಿಲ್ಲದ ಅಂಗಿ ಸಿಕ್ಕಿತು. ದಪ್ಪ ಬಟ್ಟೆ, ಒಳಗೆ ಸುತ್ತಲೂ ಜೇಬು.

“ಏನೋ ಇದು?”

“ಗಿರಾಕೀದು ಅಕ್ಕ. ರಿಪೇರಿ ಕೆಲಸದವರು, ಸಾಮಾನು ಇಟ್ಕೊಳ್ಳೋಕೆ.”

ಅಕ್ಕ ಭುಜದ ಹೊಲಿಗೆ ಸವರಿದಳು. ಎಡಗಡೆ ತೆಳ್ಳಗಿನ ಪ್ಯಾಡು ಕೈಗೆ ತಗುಲಿತು. ಹುಟ್ಟಿದಾಗಿನಿಂದ ಪಾಪುವಿನ ಎಡ ಭುಜ ಕೊಂಚ ಇಳಿಕೆ. ಅದು ಕಾಣಬಾರದೆಂದು ಅವನ ಅಂಗಿಗಳಿಗೆಲ್ಲ ಹೀಗೆ ಪ್ಯಾಡು ಇಡುವುದನ್ನು ಕಲಿಸಿದವಳೇ ಅವಳು. ಈ ಅಂಗಿ ಹೊಲಿಯುವಾಗಲೂ ಅವನ ಕೈ ಆ ರೂಢಿ ಬಿಟ್ಟಿರಲಿಲ್ಲ. ಅವಳು ಸುತ್ತಲಿನ ಜೇಬುಗಳನ್ನು ಮತ್ತೆ ನೋಡಿದಳು; ಟಿವಿ ಸುದ್ದಿಯಲ್ಲಿ ತೋರಿಸಿದ್ದ ಬಾಂಬಿನ ಅಂಗಿಯೂ ಹೀಗೇ ಇತ್ತು.

“ಇದು ನಿನ್ನ ಅಳತೆ ಕಣೋ. ಬಾಂಬ್ ಕಟ್ಕೊಂಡು ಎಲ್ಲಿಗೆ ಹೊರಟಿದ್ದೀಯ?”

ಪಾಪು ಸ್ಟೂಲಿನ ಮೇಲೆ ಕುಸಿದ. “ಮಾರ್ಕೆಟ್ಟಿಗೆ. ದೇವರಿಗೋಸ್ಕರ ಯಾರು ಹೋಗ್ತೀರಿ ಅಂತ ಗುಂಪಿನಲ್ಲಿ ಕೇಳಿದ್ರು. ಎಲ್ಲರೂ ಕೈ ಎತ್ತಿದ್ರು. ನಾನೊಬ್ಬನೇ ಎತ್ತದೆ ಹೇಗಿರಲಿ?”

“ಮೊದಲು ಎತ್ತಿದ್ದು ಯಾರು?”

“ಗೊತ್ತಿಲ್ಲ. ನಾನು ಪಕ್ಕದವನನ್ನ ನೋಡ್ದೆ. ಅವನು ನನ್ನನ್ನೇ ನೋಡ್ತಿದ್ದ. ಅವನ ಕೈ ನಡುಗ್ತಿತ್ತು ಅಕ್ಕ.”

“ನಿಂದು?”

“ನಂದೂ.”

“ಅಯ್ಯೋ ನನ್ನ ಪೆದ್ದೇ!” ಅವಳು ಅವನ ತಲೆಯನ್ನು ಎದೆಗೆ ಒತ್ತಿಕೊಂಡಳು. ಬೈಯಬೇಕೆಂದುಕೊಂಡಿದ್ದ ಮಾತೆಲ್ಲ ಅಳುವಾಗಿ ಬಂತು.

“ನಾನು ಹೋಗದಿದ್ರೆ ಆ ಪಕ್ಕದವನನ್ನ ಕಳಿಸ್ತಾರೆ.”

“ಹಾಗಾದ್ರೆ ಏಳು. ಪೊಲೀಸರಿಗೆ ಎಲ್ಲಾ ಹೇಳೋಣ. ಅವನೂ ಉಳೀಲಿ, ಮಾರ್ಕೆಟ್ಟಿನವರೂ ಉಳೀಲಿ.”

“ನನ್ನನ್ನ ಒಳಗೆ ಹಾಕ್ತಾರೆ.”

“ಹಾಕಲಿ. ಬದುಕಿರ್ತೀಯಲ್ಲ, ನಾನು ನೋಡೋಕೆ ಬರ್ತೀನಿ.”

ಪಾಪು ಕಣ್ಣೊರೆಸಿಕೊಂಡು ಎದ್ದ. ಬಾಗಿಲ ಬಳಿ ನಿಂತು ಹಿಂತಿರುಗಿದ.

“ಜೈಲಲ್ಲಿ ಕೊಡೋ ಅಂಗೀಲಿ ಪ್ಯಾಡ್ ಇರಲ್ವಲ್ಲ ಅಕ್ಕ?”

“ಇರದಿದ್ರೆ ಬೇಡ ಬಿಡು,” ಎಂದ ಅಕ್ಕ ಷಟರ್ ಎಳೆದು, ಅವನ ಎಡ ಭುಜದ ಮೇಲೆ ಕೈಯಿಟ್ಟುಕೊಂಡೇ ಸ್ಟೇಷನ್ನಿನ ಕಡೆ ನಡೆದಳು.