ಉಸಿರು ನೋಡುವವನು

ನನ್ನ ಗಂಡನಿಗೆ ಆಂಬುಲೆನ್ಸ್‌ನಲ್ಲಿ ರೋಗಿಯ ಪಕ್ಕ ಕೂರುವ ಕೆಲಸ. ಕಣ್ಣು ಮುಚ್ಚಿದವರು ಬರೀ ನಿದ್ದೆ ಮಾಡುತ್ತಿದ್ದಾರೆಂದು ನಂಬುವುದನ್ನು ಅವನು ಯಾವತ್ತೋ ಬಿಟ್ಟಿದ್ದಾನೆ. ಭಾನುವಾರ ಮಧ್ಯಾಹ್ನ ನಾನು ಸೋಫಾದ ಮೇಲೆ ತೂಕಡಿಸಿದರೂ ಸಾಕು, ಎರಡೂ ಹೆಗಲು ತಟ್ಟಿ, "ನನ್ನ ಮಾತು ಕೇಳಿಸ್ತಾ ಇದೆಯಾ?" ಅನ್ನುತ್ತಾನೆ.

"ಮದುವೆ ಆದಾಗಿಂದ ಕೇಳಿಸ್ಕೊಂಡು ಸಾಕಾಗಿದೆ, ಬಿಡು ಮಾರಾಯ!" ಎಂದು ರೇಗುತ್ತೇನೆ. ಹಾಳು ಕೆಲಸ, ಮನೆಯೊಳಗೂ ಬಂದು ಕೂತಿದೆ.

ಮೊನ್ನೆ ಸಂಜೆ ಬಂದವನು ಶೂ ಕೂಡ ಬಿಚ್ಚದೆ ಒಳಕೋಣೆಗೆ ನುಗ್ಗಿದ. ಶಾಲೆಯಿಂದ ಬಂದ ಮಗಳು ಯೂನಿಫಾರ್ಮ್‌ನಲ್ಲೇ ನಿದ್ದೆ ಹೋಗಿದ್ದಳು. ಅಂಥದೇ ಯೂನಿಫಾರ್ಮ್ ತೊಟ್ಟ ಮಗುವೊಂದು ಅಂದು ಅವನ ಕೈಯಲ್ಲೇ ಕೊನೆಯುಸಿರೆಳೆದಿತ್ತೆಂದು ಡ್ರೈವರ್ ನನಗೆ ಆಮೇಲೆ ಹೇಳಿದ.

ಗಂಡ ಮಂಚದ ಪಕ್ಕ ಮೊಣಕಾಲೂರಿ ಅವಳ ಮೂಗಿನ ಬಳಿ ಬೆರಳು ಹಿಡಿದ. ಉಸಿರು ತಾಗಿದರೂ ನಂಬಿಕೆ ಬರಲಿಲ್ಲವೇನೋ, ಕೈ ತೆಗೆಯಲೇ ಇಲ್ಲ.

ಶೂ ಹಾಕಿಕೊಂಡು ಒಳಗೆ ಬಂದದ್ದಕ್ಕೆ ಬೈಯಲು ಹೋದವಳು ನಾನು ಬಾಗಿಲಲ್ಲೇ ನಿಂತೆ. ಮಗಳು ಕಣ್ಣು ತೆರೆಯಲಿಲ್ಲ. ಆ ಕೈಯನ್ನು ಎಳೆದು ತನ್ನ ಎದೆಯ ಮೇಲಿಟ್ಟುಕೊಂಡು, ಶಾಲೆಯಲ್ಲಿ ಹಾಜರಿ ಹೇಳುವಂತೆ ಗೊಣಗಿದಳು:

"ಇದ್ದೀನಪ್ಪಾ."